ಎಡದಿಂದ ಮೂರನೆಯವರು

ನಮ್ಮ ಮನೆಯವರಿಗೆ ಹೊಟ್ಟೆಕಿಚ್ಚು ಹತ್ತಿದರೆ ಇಡೀ ಮನೆಗೆ ಗೊತ್ತಾಗುತ್ತದೆ. ಕೂಗಾಡುವುದಿಲ್ಲ, ಪಾತ್ರೆ ಎಸೆಯುವುದಿಲ್ಲ. ಒಂದು ಮೆತ್ತನೆಯ ಬಟ್ಟೆ ಹಿಡಿದು ಕ್ಯಾಮೆರಾದ ಲೆನ್ಸ್ ಒರೆಸಲು ಕೂರುತ್ತಾರೆ. ಒರೆಸಿದ್ದನ್ನೇ ಒರೆಸುತ್ತಾರೆ. "ಏನಾಯ್ತು ರೀ?" ಎಂದರೆ "ಏನಿಲ್ಲ" ಎನ್ನುತ್ತಾರೆ. ಆ "ಏನಿಲ್ಲ" ಬಂತೆಂದರೆ ಮತ್ತೆ ಕೇಳುವುದೇ ಬೇಡ, ನನ್ನ ತಂಗಿಯ ಗಂಡ ಮನೆಯವರ ಗ್ರೂಪಿಗೆ ಹೊಸ ಫೋಟೋ ಹಾಕಿದ್ದಾನೆ ಎಂದೇ ಅರ್ಥ.

ತಂಗಿಯ ಗಂಡನನ್ನು ನಾನು ಏಕವಚನದಲ್ಲಿ ಕರೆಯುವುದು ಸದರದಿಂದಲ್ಲ. ನನಗಿಂತ ಚಿಕ್ಕವನು, ತಮ್ಮನ ಹಾಗೆ ಇದ್ದಾನೆ. ಇವರು ಮಾತ್ರ ಅವನನ್ನು ಎದುರಿಗೆ ಬಹುವಚನದಲ್ಲೇ ಮಾತಾಡಿಸಿ, ಹಿಂದಿನಿಂದ "ಫಿಲ್ಟರ್ ಸಾಹೇಬ" ಎನ್ನುತ್ತಾರೆ.

ಇವರದು ಫೋಟೋ ಸ್ಟುಡಿಯೋ. ಒಂದು ಪಕ್ಕ ದರ್ಜಿ, ಇನ್ನೊಂದು ಪಕ್ಕ ಬೀಗದ ಕೈ ಮಾಡುವವನು, ನಡುವೆ ಪೆಟ್ಟಿಗೆಯಂಥ ನಮ್ಮ ಅಂಗಡಿ. ಮುಂದೆ ಗಾಜಿನ ಕೌಂಟರು, ಹಿಂದೆ ನೀಲಿ ಪರದೆ, ಪರದೆಯ ಹಿಂದೆ ಕಂಪ್ಯೂಟರ್ ಇರುವ ಕಿಷ್ಕಿಂಧೆ. ಫಿಲಂ ಕಾಲದಲ್ಲಿ ಕತ್ತಲೆ ಕೋಣೆಯಲ್ಲಿ ಕೂತು ನೆಗೆಟಿವ್ ಮೇಲೆ ಪೆನ್ಸಿಲ್ ಮೊನೆಯಿಂದ ಮೊಡವೆ ಅಳಿಸುತ್ತಾ ಕಸುಬು ಕಲಿತವರು. ಕಂಪ್ಯೂಟರ್ ಬಂದಾಗ ಎಲ್ಲ ಹಳಬರೂ ಅಂಗಡಿ ಮುಚ್ಚಿದರು, ಇವರು ಒಂದು ದೊಡ್ಡ ಸಾಫ್ಟ್‌ವೇರ್ ಹಾಕಿಸಿಕೊಂಡು ಹಟ ಹಿಡಿದು ಕಲಿತರು. ಅದರ ಎಷ್ಟೋ ಹೊಸ ಅವತಾರಗಳು ಬಂದುಹೋದವು. ಇವರದು ಮಾತ್ರ ಅದೇ ಮೊದಲಿನದು. ಅದರಲ್ಲಿ ಲೇಯರ್ ಎಂದಿರುತ್ತದೆ. ಮೂಲ ಫೋಟೋದ ಮೇಲೆ ಪಾರದರ್ಶಕ ಹಾಳೆ ಹೊದಿಸಿದಂತೆ ಒಂದೊಂದೇ ಪದರ ಹೊದಿಸಿ, ತಿದ್ದುವುದನ್ನೆಲ್ಲ ಆ ಪದರದ ಮೇಲೆ ತಿದ್ದುವುದು. ಕೆಟ್ಟರೆ ಪದರ ಕಿತ್ತು ಎಸೆದರಾಯಿತು, ಕೆಳಗಿನ ಮುಖಕ್ಕೆ ಏನೂ ಆಗುವುದಿಲ್ಲ. ಗುಂಪಿನ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡ ದೊಡ್ಡಪ್ಪಂದಿರಿಗೆ ಬೇರೆ ಫೋಟೋದಿಂದ ಅವರದೇ ಕಣ್ಣು ತಂದು ಕೂರಿಸುವುದರಲ್ಲಿ ಇವರದು ಎತ್ತಿದ ಕೈ. ಇವರು ಕಣ್ಣು ತೆರೆಸಿದ ದೊಡ್ಡಪ್ಪಂದಿರು ಊರ ತುಂಬ ಗೋಡೆಯ ಮೇಲೆ ಕೂತಿದ್ದಾರೆ.

ಫಿಲ್ಟರ್ ಸಾಹೇಬನದು ವಿಮೆ ಕಚೇರಿಯಲ್ಲಿ ಕುರ್ಚಿ ಕೆಲಸ. ಫೋಟೋ ಅವನಿಗೆ ಹುಚ್ಚು. ಅವನ ಹತ್ತಿರ ಇರುವುದು ಹೊಸ ಕಾಲದ ಸಾಫ್ಟ್‌ವೇರ್. ಪದರವಿಲ್ಲ, ಕುಂಚವಿಲ್ಲ. ಒಂದು ಗುಂಡಿ ಎಡಕ್ಕೆಳೆದರೆ ಸಂಜೆ, ಬಲಕ್ಕೆಳೆದರೆ ಮುಂಜಾನೆ. ಮನೆ ಹಿಂದಿನ ಬಟ್ಟೆ ಒಣಹಾಕುವ ತಂತಿಯ ಫೋಟೋ ತೆಗೆದು ಹಾಕಿದರೂ ಸಾಕು, ಗ್ರೂಪಿನಲ್ಲಿ ಅತ್ತೆ ಮಾವಂದಿರು, ಅಕ್ಕ ತಂಗಿಯರು ಎಲ್ಲರೂ "ಅಬ್ಬಾ! ಏನು ಕೈಚಳಕ!" ಎಂದು ಮುಗಿಬೀಳುತ್ತಾರೆ. ಇವರ ಕೆಲಸವನ್ನು ಯಾರೂ ಹೊಗಳಿದ್ದಿಲ್ಲ. ಇವರು ಕೈ ಹಾಕಿದ್ದು ಗೊತ್ತೇ ಆಗಬಾರದು, ಅದೇ ಇವರ ಕಸುಬು. ಗೊತ್ತಾಗದ ಕೆಲಸವನ್ನು ಯಾರು ಹೊಗಳುತ್ತಾರೆ, ಹೇಳಿ?

"ಆಕಾಶ ನೋಡು, ಆಕಾಶ! ಬಚ್ಚಲಿಗೆ ನೀಲಿ ಸುರಿದ ಹಾಗಿದೆ," ಎಂದು ಫೋನನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದರು. "ಇದನ್ನ ನಿಮ್ಮಮ್ಮ ಚೆನ್ನಾಗಿದೆ ಅಂದ್ರಲ್ಲ!"

ಅಲ್ಲಿಗೆ ಬಂತು ನೋಡಿ ಮಾತು. ಊರೆಲ್ಲ ಹೊಗಳಿದರೂ ಇವರು ಸಹಿಸಿಕೊಳ್ಳುತ್ತಿದ್ದರೋ ಏನೋ, ಅಮ್ಮ ಹೊಗಳಿದರೆ ತಡೆಯುತ್ತಿರಲಿಲ್ಲ. ಇವರು ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು. ನನ್ನನ್ನು ಮದುವೆಯಾದ ಮೇಲೆ ನನ್ನಮ್ಮನನ್ನೇ ಹಚ್ಚಿಕೊಂಡರು. ತಂಗಿಯ ಮದುವೆಯಾಗುವವರೆಗೆ ಆ ಮನೆಗೆ ಇವರೊಬ್ಬರೇ ಅಳಿಯ. ಬಲ್ಬು ಹೋದರೂ ಇವರೇ, ನಲ್ಲಿ ಸೋರಿದರೂ ಇವರೇ. ಇನ್ನೊಬ್ಬ ಅಳಿಯ ಬಂದದ್ದನ್ನು ಇವರು ಇವತ್ತಿಗೂ ಕ್ಷಮಿಸಿಲ್ಲ ಎಂದು ನನಗೆ ಅನುಮಾನ.

ಹೀಗಿರುವಾಗ ಅಮ್ಮ ಹಜಾರಕ್ಕೆ ಬಣ್ಣ ಹೊಡೆಸಿದರು. ಗೋಡೆ ಬೋಳಾಗಿ ಕಂಡಿತೋ ಏನೋ, ಅಪ್ಪನ ದೊಡ್ಡ ಫೋಟೋ ಒಂದು ಹಾಕಿಸಬೇಕು ಎಂದರು. ಅಪ್ಪ ತೀರಿಕೊಂಡಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ, ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಪ್ಪನ ಒಂಟಿ ಫೋಟೋ ಒಂದೂ ಇಲ್ಲ. ಅಮ್ಮನ ಜೊತೆಗೂ ಇಲ್ಲ. ಇದ್ದದ್ದು ಅಪ್ಪ ಕೆಲಸ ಮಾಡುತ್ತಿದ್ದ ಸೋಪಿನ ಕಾರ್ಖಾನೆಯ ಗುಂಪಿನ ಫೋಟೋ. ಅದನ್ನೂ ಗೆದ್ದಲು ತಿಂದು, ಅದರ ನೆಗೆಟಿವ್ ಮಾತ್ರ ಒಂದು ಕವರಿನಲ್ಲಿ ಉಳಿದಿತ್ತು.

ಆ ನೆಗೆಟಿವನ್ನು ಅಮ್ಮ ಫಿಲ್ಟರ್ ಸಾಹೇಬನ ಕೈಗೆ ಕೊಟ್ಟರು.

ಫೋನಿನಲ್ಲಿ ಅಮ್ಮ ಈ ಸುದ್ದಿ ಹೇಳುವಾಗ ಸ್ಪೀಕರ್ ಹಾಕಿತ್ತು. "ಚಿಕ್ಕಳಿಯಂದಿರು ಬಂದಿದ್ರು, ಕೊಟ್ಟೆ ಕಣೇ. ನಿಮ್ಮಪ್ಪನ್ನ ತೋರಿಸಿದೀನಿ, ಕೂತವರಲ್ಲಿ ಎಡದಿಂದ ಮೂರನೆಯವರು ಅಂತ. ದೊಡ್ಡಳಿಯಂದಿರಿಗೆ ಅಂಗಡಿ ಕೆಲಸವೇ ತಲೆ ಮೇಲಿರುತ್ತೆ, ಇದೊಂದು ತೊಂದ್ರೆ ಯಾಕೆ ಅಂತ."

ಅಮ್ಮ ಹೇಳಿದ್ದು ಅಕ್ಕರೆಯಿಂದಲೇ. ಇವರು ಆಗಲೇ ಲೆನ್ಸ್ ಒರೆಸಲು ಕೂತಾಗಿತ್ತು.

"ನನಗೆ ತೊಂದ್ರೆಯಂತೆ," ಎಂದರು ಒರೆಸುತ್ತಲೇ. "ಊರಲ್ಲಿರೋ ಸತ್ತವರನ್ನೆಲ್ಲ ದೊಡ್ಡದು ಮಾಡಿ ಕೊಟ್ಟವನು ನಾನು. ನನ್ನ ಮಾವನ್ನ ದೊಡ್ಡದು ಮಾಡೋಕೆ ವಿಮೆ ಗುಮಾಸ್ತ!"

"ಹೋಗ್ಲಿ ಬಿಡಿ, ಅವನೂ ಅಳಿಯ ತಾನೇ?"

"ನಾನೆಲ್ಲಿ ಅಲ್ಲ ಅಂದೆ? ಏನಿಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಹೇಳುವ ಕೆಲಸವೇ ಇರುತ್ತಿರಲಿಲ್ಲ. ತಂಗಿ ಆ ನೆಗೆಟಿವನ್ನು ಸ್ಕ್ಯಾನ್ ಮಾಡಿದ ಫೋಟೋವನ್ನು ಗ್ರೂಪಿಗೆ ಹಾಕಿದಳು. ಆರು ಜನ ಬೆಂಚಿನ ಮೇಲೆ ಕೂತಿದ್ದಾರೆ, ಹಿಂದೆ ಬರೀ ಗೋಡೆ. ಎಲ್ಲರಿಗೂ ಒಂದೇ ಯೂನಿಫಾರಂ, ಎರಡೂ ಕಡೆ ಜೇಬು. ಫೋನಿನಲ್ಲಿ ಮುಖಗಳು ಅಕ್ಕಿಕಾಳಿನಷ್ಟು. ನಾನು ಮೂರನೆಯ ಕಾಳನ್ನು ನೋಡಿ "ಅಪ್ಪ" ಎಂದುಕೊಂಡು ಸುಮ್ಮನಾದೆ. ಇವರು ಅದನ್ನು ಇಳಿಸಿಕೊಂಡು, "ನಾನೂ ಮಾಡ್ತೀನಿ. ಯಾರದು ಗೋಡೆ ಮೇಲೆ ಕೂರುತ್ತೋ ನಿಮ್ಮಮ್ಮನೇ ಹೇಳಲಿ," ಎಂದರು.

ಆಮೇಲೆ ಶುರುವಾಯಿತು ಸಾಫ್ಟ್‌ವೇರ್ ಹುಡುಕಾಟ. ಇಷ್ಟು ದಿನ ತಮ್ಮ ಹಳೆಯದರ ಹೊರತು ಬೇರೆಯದರ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಮನುಷ್ಯ, ಸಿಕ್ಕಸಿಕ್ಕದ್ದನ್ನೆಲ್ಲ ಇಳಿಸಿಕೊಂಡು ನೋಡಿದರು. ಒಂದರಲ್ಲಿ ಮೆನು ಎಷ್ಟಿತ್ತೆಂದರೆ ಚಿತ್ರವಿಡಲು ಜಾಗವೇ ಇರಲಿಲ್ಲ. ಇನ್ನೊಂದು ತೆರೆದರೆ ಕಂಪ್ಯೂಟರ್ ಏದುಸಿರು ಬಿಟ್ಟು ಮಲಗಿಬಿಡುತ್ತಿತ್ತು. ಮತ್ತೊಂದು, ಮುಖ ಕಂಡ ಕೂಡಲೇ ಕೇಳದೆಯೇ ಕೆನ್ನೆಗೆ ಗುಲಾಬಿ ಬಣ್ಣ ಬಳಿಯುತ್ತಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದರೆ, ಇವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಏನೋ ನೋಡುತ್ತಿದ್ದವರು ನನ್ನನ್ನು ಕಂಡು ತಟ್ಟನೆ ಕಂಪ್ಯೂಟರಿನ ಪರದೆ ಆರಿಸಿದರು.

ಈ ವಯಸ್ಸಿನಲ್ಲಿ ಇದೇನಪ್ಪ ಎಂದುಕೊಂಡು, "ಏನದು? ತೆಗೀರಿ," ಎಂದೆ.

"ಏನಿಲ್ಲ ಕಣೇ."

"ತೆಗೀತೀರೋ, ನಾನೇ ತೆಗೀಲೋ?"

ತೆಗೆದರು. ಫಿಲ್ಟರ್ ಸಾಹೇಬ ಬಳಸುವ ಅದೇ ಸಾಫ್ಟ್‌ವೇರನ್ನು ಕಲಿಸುವ ವಿಡಿಯೋ! ಬೇರೆ ಹೆಂಗಸಿನ ಮುಖ ಕಂಡಿದ್ದರೂ ಇವರು ಅಷ್ಟು ಕೆಂಪಾಗುತ್ತಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು, ಜೊತೆಗೆ ಮೈ ಉರಿಯಿತು. "ಬೈಯ್ಯೋದು ಅದನ್ನೇ, ಕದ್ದು ನೋಡೋದೂ ಅದನ್ನೇ," ಎಂದು ಡಬ್ಬಿ ಕುಕ್ಕಿ ಬಂದೆ.

ಕೊನೆಗೆ ಇವರ ಕೈ ಹಿಡಿದದ್ದು ಹಳೆಯ ಸಾಫ್ಟ್‌ವೇರೇ. ಮುಂದಿನ ಸಲ ಹೋದಾಗ ಮುಖ ಅರಳಿತ್ತು. ಇಷ್ಟಗಲ ನಗು. ಕಂಪ್ಯೂಟರಿನ ಪರದೆಗೆ ಮಾತ್ರ ಬಟ್ಟೆ ಮುಚ್ಚಿದ್ದರು.

"ನಿನ್ನ ಭಾವಮೈದುನ ಏನು ಮಾಡಿದಾನೆ ಗೊತ್ತಾ? ನೆಗೆಟಿವನ್ನ ತಿರುಗುಮುರುಗಾಗಿ ಇಟ್ಟು ಸ್ಕ್ಯಾನ್ ಮಾಡಿದಾನೆ! ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ಇವರೆಲ್ಲ ಫೋಟೋ ಮಾಡ್ತಾರಂತೆ!"

"ಅವನು ನನಗೆ ಭಾವಮೈದುನ ಅಲ್ಲ, ತಂಗಿ ಗಂಡ. ಹೊಟ್ಟೆಕಿಚ್ಚಿನಲ್ಲಿ ಸಂಬಂಧವೂ ಮರೆತುಹೋಯ್ತಾ? ತಿರುಗುಮುರುಗಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಕಸುಬಿನವರಿಗೆ ಗೊತ್ತಾಗುತ್ತೆ. ನಿನಗೆ ಹೇಳಿದ್ರೆ ಸೀದಾ ತಂಗಿಗೆ ಹೋಗುತ್ತೆ, ಅವನು ಸರಿ ಮಾಡ್ಕೊಂಡುಬಿಡ್ತಾನೆ. ಮಾಡ್ಕೊಳ್ಳಬಾರದು. ನಾನು ತಿರುಗಿಸಿ ಸರಿ ಮಾಡ್ಕೊಂಡಿದೀನಿ, ಅಷ್ಟು ಸಾಕು."

"ಒಂದು ಸಲ ತೋರಿಸ್ರೀ, ನಮ್ಮಪ್ಪ ಅಲ್ವಾ?"

"ಎಲ್ಲರ ಜೊತೆ ನೋಡುವಿಯಂತೆ. ಬೆರಗಾಗಿ ಹೋಗ್ತೀಯ."

ನನ್ನನ್ನೂ ನಂಬಲಿಲ್ಲ ನೋಡಿ. ಆದರೆ ಕೆಲಸಕ್ಕೆ ಕೂತ ಪರಿಯನ್ನು ಮಾತ್ರ ಏನು ಹೇಳಲಿ. ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡು ಪದರದ ಮೇಲೆ ಪದರ ಹೊದಿಸಿದರು. ಧೂಳಿನ ಚುಕ್ಕೆಗಳನ್ನು ಒಂದೊಂದಾಗಿ ಹೆಕ್ಕಿದರು. ಪಾಸ್‌ಪೋರ್ಟ್ ಫೋಟೋಗೆ ಬಂದವರು ಕಾದು ಕಾದು ಮುಂದಿನ ರಸ್ತೆಗೆ ಹೋದರು. ಊಟ ಮಾಡುವಾಗಲೂ ಕೈಬೆರಳು ಗಾಳಿಯಲ್ಲಿ ಮೀಸೆ ತಿದ್ದುತ್ತಿತ್ತು. "ನಿಮ್ಮಪ್ಪನದು ಏನು ಗತ್ತಿನ ಮುಖವೇ!" ಎಂದು ಒಂದು ದಿನ ತಾವಾಗಿಯೇ ಹೇಳಿದರು. ನನಗೆ ಸ್ವಲ್ಪ ಆಶ್ಚರ್ಯವಾಯಿತು. ಅಪ್ಪನ ಮುಖದಲ್ಲಿ ಗತ್ತು ಇದ್ದದ್ದು ನನಗೆ ನೆನಪಿರಲಿಲ್ಲ. ಆದರೂ ಗಂಡನ ಬಾಯಲ್ಲಿ ಅಪ್ಪನ ಹೊಗಳಿಕೆ, ಯಾಕೆ ಬೇಡ ಎನ್ನಲಿ?

ಒಂದು ಭಾನುವಾರ ಎಲ್ಲರೂ ಅಮ್ಮನ ಮನೆಯಲ್ಲಿ ಸೇರಿದೆವು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಇವರು ಚೌಕಟ್ಟು ಹಾಕಿಸಿದ ಫೋಟೋವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದು ಮೂಲೆಯ ಕುರ್ಚಿ ಹಿಡಿದರು.

"ಅಣ್ಣ, ನೀವೂ ಮಾಡಿದೀರಾ? ಮೊದಲೇ ಗೊತ್ತಿದ್ರೆ ನಾನು ಕೈ ಹಾಕ್ತಾನೇ ಇರಲಿಲ್ಲ," ಎಂದ ತಂಗಿಯ ಗಂಡ. ಪಾಪ, ನಿಜವಾಗಿಯೇ ಹೇಳಿದ.

"ಇರಲಿ, ಇರಲಿ. ನಿಮ್ಮದೇ ಮೊದಲು ತೋರಿಸಿ," ಎಂದರು ಇವರು. ದೊಡ್ಡಸ್ತಿಕೆಯಂತೆ!

ಅವನು ತನ್ನದನ್ನು ಬಿಚ್ಚಿದ. ಹೊಳಪೆಂದರೆ ಹೊಳಪು. ಕೆನ್ನೆಯಲ್ಲಿ ಒಂದು ಗೆರೆ ಇಲ್ಲ, ಕೂದಲು ಎಳೆಎಳೆಯಾಗಿ ಕಾಣುತ್ತಿದೆ, ಕಣ್ಣುಗಳು ನೆಟ್ಟಗೆ ನಮ್ಮನ್ನೇ ನೋಡುತ್ತಿವೆ. ಅಪ್ಪನ ಮುಖದ ನೆನಪೇ ಇಲ್ಲದ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

"ಚೆನ್ನಾಗಿದೆ ಕಣಪ್ಪ. ಒಳ್ಳೇ ರಾಜಕುಮಾರನ ಹಾಗಿದಾರೆ. ಮೂಗು, ಕಿವಿ ಎಲ್ಲ ಅವರದೇ. ಆದ್ರೆ ಕಣ್ಣು..." ಎಂದು ನಿಲ್ಲಿಸಿದರು. "ಇವರು ಹೀಗೆ ನೆಟ್ಟಗೆ ನೋಡ್ತಾನೇ ಇರಲಿಲ್ಲ."

"ಸಾಫ್ಟ್‌ವೇರ್ ತಾನಾಗೇ ನೇರ ಮಾಡಿಬಿಟ್ಟಿತು ಅತ್ತೆ," ಎಂದ ಅವನು ಸಪ್ಪಗೆ.

ಇವರ ಮುಖ ನೋಡಬೇಕಿತ್ತು. ಗೆದ್ದೆ ಎಂದು ಹಣೆಯ ಮೇಲೆ ಬರೆದಿತ್ತು. ಎದ್ದು ನಿಂತು, ಅಂಗಿ ಸರಿಮಾಡಿಕೊಂಡು ಬೆಡ್‌ಶೀಟ್ ಬಿಚ್ಚಿದರು. "ಅತ್ತೆ, ಇದನ್ನ ನೋಡಿ. ಗುಂಡಿ ಒತ್ತಿ ಮಾಡಿದ್ದಲ್ಲ. ಕೈಯಲ್ಲಿ ಮಾಡಿದ್ದು."

ಅಮ್ಮ ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡು ನಾನು ಹತ್ತಿರ ಹೋದರೆ, ಅಮ್ಮ ನಗುತ್ತಿದ್ದರು! ನಕ್ಕು ನಕ್ಕು ಕಣ್ಣಲ್ಲಿ ನೀರು.

"ಅಯ್ಯೋ, ಅಳಿಯಂದಿರೇ! ಇವನನ್ನ ಯಾಕೆ ಕರ್ಕೊಂಡು ಬಂದ್ರಿ ನಮ್ಮನೆಗೆ!"

ಚೌಕಟ್ಟಿನೊಳಗೆ ದಪ್ಪ ಮೀಸೆಯ, ಎದೆಯುಬ್ಬಿಸಿ ಕೂತ ಗತ್ತಿನ ಗಂಡಸು. ಕೆಲಸ ಮಾತ್ರ ಎಲ್ಲೂ ಬೊಟ್ಟು ಮಾಡಿ ತೋರಿಸುವಂತಿಲ್ಲ, ಅಷ್ಟು ಚೆನ್ನಾಗಿದೆ. ನಮ್ಮಪ್ಪ ಅಲ್ಲ, ಅಷ್ಟೇ.

"ಎಡದಿಂದ ಮೂರನೆಯವರು ಅಂತ ನೀವೇ ಹೇಳಿದ್ದಲ್ವಾ ಅತ್ತೆ?" ಎಂದರು ಇವರು. "ಸ್ಕ್ಯಾನ್ ಉಲ್ಟಾ ಆಗಿತ್ತು. ನಾನು ತಿರುಗಿಸಿ ಸರಿ ಮಾಡಿ, ಆಮೇಲೆ ಎಣಿಸಿದೆ."

"ಇಲ್ಲ ಅಣ್ಣ, ನಾನು ಸರಿಯಾಗೇ ಇಟ್ಟಿದ್ದೆ. ಸ್ಕ್ಯಾನ್ ಆದ ಮೇಲೂ ಅತ್ತೆ ಪಕ್ಕದಲ್ಲೇ ಕೂತು ತೋರಿಸಿದ್ರಲ್ಲ," ಎಂದ ತಂಗಿಯ ಗಂಡ.

"ಸರಿಯಾಗಿ ಇಟ್ಟಿದ್ರೆ ಆ ಮನುಷ್ಯನ ವಾಚು ಬಲಗೈಯಲ್ಲಿ ಯಾಕಿರುತ್ತೆ?" ಎಂದು ಇವರು ಫೋನಿನಲ್ಲಿ ಮೂಲ ಫೋಟೋ ತೆಗೆದು ಬೆರಳಿಟ್ಟರು. "ನೋಡಿ. ಬೇರೆಯವರ ಮಣಿಕಟ್ಟೆಲ್ಲ ಅಂಗಿ ತೋಳಿನೊಳಗಿದೆ, ಇವನೊಬ್ಬನ ವಾಚು ಕಾಣುತ್ತೆ. ಬಲಗೈಯಲ್ಲಿದೆ! ಬಲಗೈಗೆ ವಾಚು ಯಾರು ಕಟ್ತಾರೆ?"

"ನಮ್ಮಪ್ಪ ಕಟ್ತಿದ್ರು ರೀ," ಎಂದೆ. "ಅಪ್ಪ ಎಡಚರು. ಬರೆಯೋದು, ಕತ್ತರಿ ಹಿಡಿಯೋದು ಎಲ್ಲ ಎಡಗೈಯಲ್ಲೇ. ಒಂದು ಮಾತು ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?"

ವಾಚು ಕಟ್ಟಿದ ಆ ಮನುಷ್ಯನೇ ಎಡದಿಂದ ಮೂರನೆಯವರು, ಅವರೇ ಅಪ್ಪ. ಆರು ಜನರ ಸಾಲನ್ನು ಇವರು ಎಡಬಲ ಮಗುಚಿ ಹಾಕಿದ ಮೇಲೆ ಅಪ್ಪ ನಾಲ್ಕನೆಯವರಾದರು, ಪಕ್ಕದಲ್ಲಿ ಕೂತಿದ್ದವನು ಮೂರನೆಯವನಾದ. ಫಿಲ್ಟರ್ ಸಾಹೇಬ ತಪ್ಪು ಮಾಡಿಯೇ ಇರಬೇಕು ಎಂಬ ಆಸೆಯಲ್ಲಿ, ಸರಿಯಾಗಿದ್ದುದನ್ನು ನಮ್ಮ ಕಸುಬುದಾರರು ಕೈಯಾರೆ ಉಲ್ಟಾ ಮಾಡಿದ್ದರು. ಇವರು ಕುರ್ಚಿಯಲ್ಲಿ ಕುಸಿದು ಕೂತರು. ತಂಗಿ ನಗು ತಡೆಯಲು ಅಡುಗೆಮನೆಗೆ ಓಡಿದಳು. ನನಗೆ ಇವರ ಮೇಲೆ ಸಿಟ್ಟು ಬಂತು, ತಂಗಿಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಅತ್ತೆ, ಯಾರಿವರು?" ಎಂದು ಕೇಳಿದವನು ತಂಗಿಯ ಗಂಡ.

ಅಮ್ಮ ನಗು ನಿಲ್ಲಿಸಿ ಆ ಗತ್ತಿನ ಮನುಷ್ಯನನ್ನು ಇನ್ನೊಮ್ಮೆ ನೋಡಿದರು.

"ನಿಮ್ಮ ಮಾವನ ಜೊತೆಗೇ ಕೆಲಸಕ್ಕೆ ಸೇರಿದವನು. ಇವನಿಗೆ ಬೇಗ ಬಡ್ತಿ ಸಿಕ್ತು, ಅವರಿಗೆ ಸಿಗಲಿಲ್ಲ. ಅಲ್ಲಿಂದ ನೋಡಿ, ಕೂತರೆ ಇವನ ಮಾತು, ನಿಂತರೆ ಇವನ ಮಾತು. ಇವನು ಸೈಕಲ್ ತಗೊಂಡ ಅಂತ ಉರಿ, ಇವನು ಮನೆ ಮುಂದೆ ಮೆಟ್ಟಿಲು ಕಟ್ಟಿಸಿದ ಅಂತ ಉರಿ. ಇವನು ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು, ಕೋಟು ಹಾಕ್ಕೊಂಡು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದ. ಆ ಸ್ಟುಡಿಯೋದವರು ಅದನ್ನ ಹೊರಗಡೆ ಗಾಜಿನಲ್ಲಿ ಇಟ್ಟಿದ್ರು. ನಿಮ್ಮ ಮಾವ ಆ ರಸ್ತೆಗೇ ಹೋಗ್ತಿರಲಿಲ್ಲ, ಸುತ್ತು ಹಾಕ್ಕೊಂಡು ಮನೆಗೆ ಬರೋರು." ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ನಾವೂ ಒಂದು ಫೋಟೋ ತೆಗೆಸೋಣ ಅಂತ ನಾನು ಎಷ್ಟು ಸಲ ಕೇಳಿದೀನೋ. ಇವನಿಗಿಂತ ಮೇಲಿನ ಕೆಲಸ ಸಿಗಲಿ, ಆಗ ಕೋಟು ಹೊಲಿಸ್ಕೊಂಡು ತೆಗೆಸೋಣ ಅನ್ನೋರು. ಅಷ್ಟರಲ್ಲಿ ಅವರೇ ಹೋಗಿಬಿಟ್ರು. ಅದಕ್ಕೇ ಕಣ್ರೀ ಈ ಮನೇಲಿ ಅವರ ಫೋಟೋ ಇಲ್ದೇ ಇರೋದು."

ನನಗೂ ಇದು ಗೊತ್ತಿರಲಿಲ್ಲ. ಬಡತನಕ್ಕೆ ಫೋಟೋ ತೆಗೆಸಲಿಲ್ಲವೇನೋ ಎಂದುಕೊಂಡಿದ್ದೆ.

"ಬೇಕಾದ್ರೆ ಇದನ್ನೇ ನೋಡಿ," ಎಂದು ಅಮ್ಮ ಇವರ ಫೋನನ್ನೇ ತೆಗೆದುಕೊಂಡು, ಬೆರಳಿನಿಂದ ಚಿತ್ರ ಹಿಗ್ಗಿಸಿ ತೋರಿಸಿದರು. ಉಳಿದ ಐದೂ ಜನ ಕ್ಯಾಮೆರಾ ನೋಡುತ್ತಿದ್ದಾರೆ. ಅಪ್ಪನ ಕಣ್ಣು ಮಾತ್ರ ಪಕ್ಕದವನ ಮೇಲಿದೆ. ತುಟಿ ಬಿಗಿದುಕೊಂಡು, ಓರೆಗಣ್ಣಿನಲ್ಲಿ, ಅವನ ಮೀಸೆಯನ್ನೇ ನೋಡುತ್ತಿದ್ದಾರೆ.

ಇವರು ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದರು. ಕಿವಿ ಕೆಂಪಾಗಿದ್ದುದು ನನಗೆ ಕಂಡಿತು. "ತಪ್ಪಾಯ್ತು ಅತ್ತೆ," ಎಂದರು. "ಇವತ್ತೇ ಬೇರೆ ಮಾಡ್ತೀನಿ. ಕಣ್ಣು ಸ್ವಲ್ಪ ಈ ಕಡೆ ತಿರುಗಿಸಿ..."

"ಬೇಡಪ್ಪ. ಕಣ್ಣು ಹಾಗೇ ಇರಲಿ. ಅದನ್ನ ತಿರುಗಿಸಿದ್ರೆ ಅವರಲ್ಲ. ಪಕ್ಕದವನ ಭುಜವೂ ಒಂದಿಷ್ಟು ಇರಲಿ. ಇಲ್ದಿದ್ರೆ ಬಂದವರು ಇವರು ಏನನ್ನ ನೋಡ್ತಿದಾರೆ ಅಂತ ಕೇಳ್ತಾರೆ."

ಈಗ ಅಮ್ಮನ ಹಜಾರದಲ್ಲಿ ಇರುವುದು ಅದೇ. ಧೂಳು ತೆಗೆದದ್ದು ಇವರು. ಅಪ್ಪನ ಮುಖವನ್ನು ಅಷ್ಟು ದೊಡ್ಡದು ಮಾಡಿದರೂ ಚೌಕ ಚೌಕವಾಗಿ ಒಡೆಯದಂತೆ ಹಿಗ್ಗಿಸಿದ್ದು ತಂಗಿಯ ಗಂಡನ ಸಾಫ್ಟ್‌ವೇರ್. ಅವನನ್ನು ಅಂಗಡಿಗೆ ಕರೆದು, ಪರದೆಯ ಹಿಂದೆ ತಮ್ಮ ಕುರ್ಚಿಯ ಪಕ್ಕ ಸ್ಟೂಲು ಹಾಕಿ ಕೂರಿಸಿಕೊಂಡದ್ದು ಇವರೇ. "ಅದನ್ನ ಎಷ್ಟು ಎಳೀಬೇಕು? ಸಾಕಾ?" ಎಂದು ಅವನನ್ನು ಕೇಳುವಾಗ ಇವರು ಹಲ್ಲು ಕಚ್ಚಿಕೊಂಡಿದ್ದರು. ಆದರೂ ಕೇಳಿದರು.

ಕೆಲಸ ಮುಗಿದ ಮೇಲೆ ಇವರು ಎದ್ದು ಮುಖ ತೊಳೆದು ತಲೆ ಬಾಚಿಕೊಂಡರು. ಡಬ್ಬಿ ತೆಗೆದುಕೊಂಡು ಹೋಗಲು ನಿಂತಿದ್ದ ನನ್ನ ಕೈಹಿಡಿದು ನೀಲಿ ಪರದೆಯ ಮುಂದೆ ಕೂರಿಸಿದರು.

"ಏನ್ರೀ ಇದು, ಹೀಗೇನಾ? ಸೀರೆ ನೋಡಿ ಹೇಗಿದೆ!"

"ಇರಲಿ ಕೂತ್ಕೊ. ಒಳ್ಳೇ ಸೀರೆ ಅಂತ ಕಾಯೋದು ಬೇಡ," ಎಂದರು. ಆಮೇಲೆ, ಯಾರಿಗೂ ಮುಟ್ಟಲು ಬಿಡದ ತಮ್ಮ ಕ್ಯಾಮೆರಾವನ್ನು ತೆಗೆದು ತಂಗಿಯ ಗಂಡನ ಕೈಗಿಟ್ಟರು. "ನೀವೇ ತೆಗೀರಿ," ಎಂದು ಬಂದು ನನ್ನ ಪಕ್ಕ ಕೂತರು. ಇಷ್ಟು ವರ್ಷ ಊರವರ ಫೋಟೋ ತೆಗೆದ ಮನುಷ್ಯ, ನನ್ನ ಪಕ್ಕ ಕೂತು ತೆಗೆಸಿಕೊಂಡದ್ದು ಅದೇ ಮೊದಲು.

ಫೋಟೋದಲ್ಲಿ ನಾನು ಲೆನ್ಸ್ ನೋಡುತ್ತಿದ್ದೇನೆ. ಇವರ ನೋಟ ಮಾತ್ರ ಲೆನ್ಸಿನಿಂದ ಕೊಂಚ ಪಕ್ಕಕ್ಕಿದೆ. ಕ್ಯಾಮೆರಾ ಹಿಡಿದ ಅವನ ಕೈಯನ್ನು ನೋಡುತ್ತಿದ್ದಾರೆ. ಒಂದಾದರೂ ತಪ್ಪು ಸಿಗುತ್ತದೇನೋ ಎಂದು ಅದನ್ನು ಕಂಪ್ಯೂಟರಿನಲ್ಲಿ ಹಾಕಿ, ಹಿಗ್ಗಿಸಿ, ಮೂಲೆ ಮೂಲೆ ಹುಡುಕಿದರು. ಬೆಳಕು ಸರಿಯಿತ್ತು, ನೆರಳು ಸರಿಯಿತ್ತು. ಕೊನೆಗೆ ತಮ್ಮ ಕಣ್ಣಿನ ಮೇಲೆ ಕುಂಚ ತಂದು ನಿಲ್ಲಿಸಿದರು.

"ತಿರುಗಿಸ್ಲಾ?" ಎಂದು ನನ್ನ ಕಡೆ ನೋಡಿದರು.

"ಬೇಡ," ಎಂದೆ. "ಇದು ನೀವೇ."